‘ಯಾಕೆ’ಯ ಮೆಟ್ಟಿಲುಗಳು: ಇಂಗ್ಲಿಷಿನಲ್ಲಿ ಕಾರಣ ಕೇಳುವ ಬಗೆ

(ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಬದುಕಿನ ಬಹುಪಾಲು ಇಂಗ್ಲಿಷ್ ಪಾಠ ಹೇಳಿದವಳು ನಾನು. ಇಂದು ಒಂದೇ ಒಂದು ಪ್ರಶ್ನೆಯ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇನೆ. ಮಗುವಿನ ಬಾಯಲ್ಲಿ ಬೇಗ ಬರುವ, ದೊಡ್ಡವರ ಬಾಯಲ್ಲಿ ಬೇಗ ಆರಿಹೋಗುವ ಪ್ರಶ್ನೆ ಅದು: ಯಾಕೆ? ಕನ್ನಡಿಗರು ಇಂಗ್ಲಿಷಿನಲ್ಲಿ ‘ಯಾಕೆ’ ಎಂದು ಕೇಳಲು ಹೊರಟಾಗ ಏನಾಗುತ್ತದೆ ಎಂಬುದು ನನ್ನ ವಿಷಯ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇರಿದಳು. ಒಂದು ವಾರ ಅವಳ ಪಾಳಿ ಬದಲಾಯಿತು. ಮೇಲಿನವರಿಗೆ ಒಂದು ಸಾಲಿನ ಮೇಲ್ ಬರೆದಳು: ‘ವೈ ಯು ಚೇಂಜ್ಡ್ ಮೈ ಶಿಫ್ಟ್?’ ಸಂಜೆಯೊಳಗೆ ಉತ್ತರ ಬಂತು. ಅದರಲ್ಲಿ ಕಾರಣ ಇರಲಿಲ್ಲ. ಸಹೋದ್ಯೋಗಿಗಳ ಜೊತೆ ಮಾತನಾಡುವ ರೀತಿಯ ಬಗ್ಗೆ ಬುದ್ಧಿಮಾತು ಇತ್ತು. ರಾತ್ರಿ ಫೋನ್ ಮಾಡಿ ಅತ್ತಳು. “ಮೇಡಂ, ನಾನು ಜಗಳಕ್ಕೆ ಹೋಗಲಿಲ್ಲ. ಯಾಕೆ ಅಂತ ಕೇಳಿದೆ, ಅಷ್ಟೇ.”

ಅವಳ ಮಾತು ನನ್ನನ್ನು ಬಹಳ ದಿನ ಕಾಡಿತು. ಅವಳ ಮನಸ್ಸಿನಲ್ಲಿದ್ದದ್ದು “ಯಾಕ್ ಮೇಡಂ, ನನ್ನ ಶಿಫ್ಟ್ ಬದಲಾಯ್ಸಿದ್ರಿ?” ಎಂಬ ಮೆತ್ತನೆಯ ಪ್ರಶ್ನೆ. ಮೇಲಿನವರ ಕಣ್ಣಿಗೆ ಬಿದ್ದದ್ದು ಕಟಕಟೆ. ನಡುವೆ ಏನೋ ಕಳೆದುಹೋಗಿತ್ತು. ಅವಳಿಗೆ ‘ವೈ’ ಕಲಿಸಿದವಳು ನಾನೇ. ಕಳೆದುಹೋದದ್ದು ಏನು ಎಂದು ಹುಡುಕುವ ಹೊಣೆಯೂ ನನ್ನದೇ ಆಗಿತ್ತು.

ಮರ್ಯಾದೆ ಎಲ್ಲಿ ಕೂರುತ್ತದೆ?

ಕನ್ನಡದಲ್ಲಿ ‘ಯಾಕೆ’ ಎಂಬ ಪದ ಯಾರ ಮುಂದೆಯೂ ಬದಲಾಗಬೇಕಿಲ್ಲ. ಮರ್ಯಾದೆ ಅದರ ಬಾಲದಲ್ಲಿ ಬಂದು ಕೂರುತ್ತದೆ. ಯಾಕೋ, ಯಾಕೇ, ಯಾಕಪ್ಪ, ಯಾಕವ್ವ, ಯಾಕ್ರೀ, ಯಾಕ್ ಸ್ವಾಮಿ. ಕ್ರಿಯಾಪದವೂ ಕೈಜೋಡಿಸುತ್ತದೆ: ಬಂದೆ, ಬಂದ್ರಿ. ಗೆಳೆಯನಿಂದ ಗುರುಗಳವರೆಗೆ ಒಂದೇ ಪ್ರಶ್ನೆಪದ. ಅದು ತೊಡುವ ಅಂಗಿ ಮಾತ್ರ ಬೇರೆ ಬೇರೆ.

ಇಂಗ್ಲಿಷಿನಲ್ಲಿ ಆ ಬಾಲಗಳಿಲ್ಲ. ‘ಯು’ ಎಲ್ಲರಿಗೂ ಒಂದೇ. ಕ್ರಿಯಾಪದದಲ್ಲೂ ಬಹುವಚನದ ಗೌರವವಿಲ್ಲ. ಹಾಗೆಂದು ಆ ಭಾಷೆಗೆ ಮರ್ಯಾದೆ ಗೊತ್ತಿಲ್ಲ ಎನ್ನುವಂತಿಲ್ಲ. ನಾವು ಪದದ ತುದಿಯಲ್ಲಿ ಮಾಡುವ ಕೆಲಸವನ್ನು ಅದು ಇಡೀ ವಾಕ್ಯವನ್ನೇ ಬದಲಿಸಿ ಮಾಡುತ್ತದೆ. ಹೌ ಕಮ್, ವಾಟ್ ಫಾರ್, ವೈ, ಕುಡ್ ಯು ಟೆಲ್ ಮಿ ವೈ, ಐ ವಾಸ್ ವಂಡರಿಂಗ್ ವೈ, ಫಾರ್ ವಾಟ್ ರೀಸನ್: ಇವು ಒಂದೇ ಪ್ರಶ್ನೆಯ ಬೇರೆ ಬೇರೆ ಮೆಟ್ಟಿಲುಗಳು. ನನ್ನ ವಿದ್ಯಾರ್ಥಿನಿ ‘ವೈ’ಯನ್ನು ಒಯ್ದಳು, ‘ರೀ’ಯನ್ನು ಒಯ್ಯಲಿಲ್ಲ. ಆ ‘ರೀ’ಗೆ ಇಂಗ್ಲಿಷಿನಲ್ಲಿ ಜಾಗ ಎಲ್ಲಿದೆ ಎಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಮಾರ್ಟಿನ್ ಜೂಸ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1960ರ ದಶಕದ ಆರಂಭದಲ್ಲಿ ‘ದ ಫೈವ್ ಕ್ಲಾಕ್ಸ್’ ಎಂಬ ಚಿಕ್ಕ ಪುಸ್ತಕ ಬರೆದರು. ಅದರ ಆರಂಭದಲ್ಲಿ ಐರ್ಲೆಂಡಿನ ರೈಲು ನಿಲ್ದಾಣವೊಂದರ ಕತೆ ಬರುತ್ತದೆ. ಅಲ್ಲಿನ ಎರಡು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸುತ್ತಿದ್ದವು. ಪ್ರಯಾಣಿಕನೊಬ್ಬ ಅದನ್ನು ಎತ್ತಿ ಆಡಿದಾಗ ಕೂಲಿಯವನು, ಎರಡೂ ಒಂದೇ ಸಮಯ ತೋರಿಸುವುದಾದರೆ ಎರಡು ಯಾಕೆ ಬೇಕಿತ್ತು ಎಂದು ಕೇಳಿದನಂತೆ. ಜೂಸ್ ಇಂಗ್ಲಿಷಿನಲ್ಲಿ ಇಂಥ ಐದು ಗಡಿಯಾರಗಳನ್ನು ಗುರುತಿಸಿದರು: ಆಪ್ತ, ಸಲುಗೆಯ, ಸಮಾಲೋಚನೆಯ, ಔಪಚಾರಿಕ, ಮತ್ತು ಹೆಪ್ಪುಗಟ್ಟಿದ ಶೈಲಿ. ಯಾವುದೂ ಕೆಟ್ಟ ಗಡಿಯಾರವಲ್ಲ. ನಿಂತಿರುವ ನಿಲ್ದಾಣಕ್ಕೆ ತಕ್ಕದ್ದನ್ನು ನೋಡಬೇಕು, ಅಷ್ಟೇ.

ಮನೆಮಾತು, ನ್ಯಾಯಾಲಯದ ಮಾತು

ಈ ಮೆಟ್ಟಿಲುಗಳು ಹೇಗೆ ಕಟ್ಟಿಕೊಂಡವು ಎಂದು ನೋಡಲು ಸ್ವಲ್ಪ ಹಿಂದೆ ಹೋಗೋಣ. ‘ವೈ’ ಹಳೆಯ ಇಂಗ್ಲಿಷಿನ ಪದ. ‘ವಾಟ್’, ಅಂದರೆ ‘ಏನು’ ಎಂಬುದರ ಕರಣರೂಪ ಅದು. ನಮ್ಮ ವ್ಯಾಕರಣದ ಮಾತಿನಲ್ಲಿ ತೃತೀಯಾ ವಿಭಕ್ತಿ. ‘ಏತರಿಂದ’ ಎಂಬುದು ಅದರ ಮೂಲ ಅರ್ಥ. ಸಂಸ್ಕೃತ ಬಲ್ಲವರಿಗೆ ಇದು ಹೊಸದೆನಿಸದು. ಕೇನೋಪನಿಷತ್ತಿಗೆ ಹೆಸರು ತಂದ ‘ಕೇನ’ ಎಂಬ ಪದವೂ ಪ್ರಶ್ನೆಪದದ ತೃತೀಯೆಯೇ: ಯಾರಿಂದ, ಯಾವುದರಿಂದ. ನಮ್ಮ ‘ಏತಕ್ಕೆ’, ‘ಯಾತಕ್ಕೆ’ಗಳು ಚತುರ್ಥಿ. ಇಂಗ್ಲಿಷಿನ ‘ವೈ’ ಹುಟ್ಟಿನಲ್ಲಿ ಹಿಂದಕ್ಕೆ ನೋಡಿತು, ಇದು ಎಲ್ಲಿಂದ ಬಂತು ಎಂದು. ನಮ್ಮ ‘ಏತಕ್ಕೆ’ ಮುಂದಕ್ಕೆ ನೋಡಿತು, ಇದು ಎಲ್ಲಿಗೆ ಹೋಗಬೇಕು ಎಂದು. ಇಂದಿನ ಬಳಕೆಯಲ್ಲಿ ಎರಡೂ ಎರಡೂ ಕಡೆ ನೋಡುತ್ತವೆ. ಆದರೆ ಮುಂದಕ್ಕೆ ನೋಡುವ ಆ ಚತುರ್ಥಿಗೆ ಇಂಗ್ಲಿಷಿನಲ್ಲಿ ಸರಿಯಾದ ಜೋಡಿ ‘ವಾಟ್ ಫಾರ್’. ಅದು ಉದ್ದೇಶವನ್ನು ಕೇಳುತ್ತದೆ, ಮತ್ತು ಸಲುಗೆಯ ಮೆಟ್ಟಿಲಿನಲ್ಲಿ ನಿಂತು ಕೇಳುತ್ತದೆ. ‘ವಾಟ್ ಡಿಡ್ ಯು ಡು ದಟ್ ಫಾರ್?’ ಎಂದಾಗ ಅದರಲ್ಲಿ ಗದರಿಕೆಯ ಎಳೆಯೂ ಸೇರಬಹುದು. ಬ್ರಿಟನ್ನಿನಲ್ಲಿ ಒಬ್ಬರಿಗೆ ‘ವಾಟ್ ಫಾರ್’ ಕೊಡುವುದೆಂದರೆ ಚೆನ್ನಾಗಿ ಬೈಯುವುದು ಎಂದೇ ಅರ್ಥ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಗೂ ನ್ಯಾಯಾಲಯಕ್ಕೂ ಫ್ರೆಂಚ್ ಬಂತು. ರೀಸನ್, ಕಾಸ್, ಪರ್ಪಸ್ ಎಂಬ ಪದಗಳು ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಇಳಿದವು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನು 1362ರಲ್ಲಿ ಬಂತಾದರೂ ವಕೀಲರ ಬಾಯಿಂದ ಫ್ರೆಂಚ್ ಪದಗಳು ಹೋಗಲಿಲ್ಲ. ಹೀಗೆ ‘ವೈ’ ಅಡುಗೆಮನೆಯ ಪದವಾಗಿ ಉಳಿಯಿತು, ‘ಫಾರ್ ವಾಟ್ ರೀಸನ್’ ಚಾವಡಿಯ ಪದವಾಯಿತು. ನಮ್ಮಲ್ಲೂ ಇದೇ ಆಯಿತಲ್ಲ? ‘ಯಾಕೆ’ ಮನೆಯಲ್ಲಿದೆ. ಆದೇಶಪತ್ರದಲ್ಲಿ ‘ಯಾವ ಕಾರಣಕ್ಕಾಗಿ’ ಎಂದೇ ಬರಬೇಕು. ಕಾರಣ, ಹೇತು, ನಿಮಿತ್ತ, ಉದ್ದೇಶ ಎಲ್ಲವೂ ಸಂಸ್ಕೃತದಿಂದ ಬಂದು ಚಾವಡಿಯಲ್ಲಿ ಕುಳಿತವು.

ಪದಗಳು ಮೆಟ್ಟಿಲು ಬದಲಿಸುವುದೂ ಉಂಟು. ‘ವೇರ್‌ಫೋರ್’ ಎಂಬ ಪದವನ್ನೇ ನೋಡಿ. ಶೇಕ್ಸ್‌ಪಿಯರನ ಕಾಲದಲ್ಲಿ ಅದಕ್ಕೆ ‘ಯಾಕೆ’ ಎಂಬ ಅರ್ಥ ಜೀವಂತವಾಗಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು ಧಾರಾಳವಾಗಿ ಬರುತ್ತದೆ. ‘ರೋಮಿಯೋ ಅಂಡ್ ಜೂಲಿಯಟ್’ ನಾಟಕದ ಉಪ್ಪರಿಗೆಯ ದೃಶ್ಯದಲ್ಲಿ ಜೂಲಿಯಟ್ ಈ ಪದ ಬಳಸುವಾಗ ರೋಮಿಯೋ ಎಲ್ಲಿದ್ದಾನೆ ಎಂದು ಕೇಳುತ್ತಿಲ್ಲ. ಅವನು ಯಾಕೆ ಆ ಹೆಸರಿನವನಾದ, ಯಾಕೆ ವೈರಿಯ ಮನೆಯವನಾದ ಎಂಬ ಸಂಕಟ ಅವಳದು. ‘ವೇರ್’ ಎಂದರೆ ‘ಎಲ್ಲಿ’ ಎಂದು ತಿಳಿದು ಅಲ್ಲಿ ಎಡವುವವರು ಬಹಳ. ಇಂಗ್ಲಿಷರ ಮಕ್ಕಳೂ ಎಡವುತ್ತಾರೆ. ಇಂದು ಆ ಪದ ಹೆಪ್ಪುಗಟ್ಟಿದ ಶೈಲಿಗೆ ಸೇರಿದೆ. ‘ವೈಸ್ ಅಂಡ್ ವೇರ್‌ಫೋರ್ಸ್’ ಎಂಬ ನುಡಿಗಟ್ಟಿನಲ್ಲಿ ಮಾತ್ರ ದಿನಬಳಕೆಗೆ ಇಣುಕುತ್ತದೆ.

‘ಹೌ ಕಮ್’ ಎಂಬ ಬಾಗಿಲು

ಕೆಳಗಿನ ಮೆಟ್ಟಿಲಿನ ‘ಹೌ ಕಮ್’ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಬೇಕು. ಜಾನ್ ರಸೆಲ್ ಬಾರ್ಟ್‌ಲೆಟ್ 1848ರಲ್ಲಿ ಅಮೆರಿಕದ ನುಡಿಗಳ ನಿಘಂಟು ಪ್ರಕಟಿಸಿದಾಗ ಇದನ್ನು ವರ್ಜೀನಿಯಾದ ಮಾತೆಂದು ದಾಖಲಿಸಿದರು. ಅದು ಹೇಗೆ ಒದಗಿ ಬಂತು ಎಂಬರ್ಥದ ಉದ್ದನೆಯ ಪ್ರಶ್ನೆಯೊಂದು ಸವೆದು ಎರಡು ಪದವಾಗಿದೆ ಎಂದುಕೊಂಡರೆ ಅದರ ನಡೆ ತಿಳಿಯುತ್ತದೆ.

‘ಹೌ ಕಮ್’ ಕೇಳುವಾತ ನಡೆದ ಸಂಗತಿಯನ್ನು ಒಪ್ಪಿಕೊಂಡೇ ಕೇಳುತ್ತಾನೆ. ನೀನು ಬೇಗ ಬಂದಿದ್ದೀಯ, ಅದು ಸರಿ. ಅದು ಹೇಗೆ ಕೂಡಿಬಂತು ಎಂಬುದು ಅವನ ಬೆರಗು. ನಮ್ಮ “ಅದೇನಪ್ಪ, ಇವತ್ತು ಇಷ್ಟು ಬೇಗ!” ಎಂಬ ಮಾತಿಗೆ ಇಷ್ಟು ಹತ್ತಿರದ ಇಂಗ್ಲಿಷ್ ಇನ್ನೊಂದಿಲ್ಲ. ಕಾರಣವನ್ನು ವ್ಯಕ್ತಿಯ ಇಚ್ಛೆಯಲ್ಲಿ ಹುಡುಕದೆ ಸಂದರ್ಭದಲ್ಲಿ ಹುಡುಕುವುದರಿಂದ, ಗೆಳೆಯರ ನಡುವೆ ಇದು ‘ವೈ’ಗಿಂತ ಹಗುರ. ಆದರೆ ‘ವೈ’ ಮಾಡುವ ಕೆಲವು ಕೆಲಸಗಳನ್ನು ಇದು ಮಾಡಲಾರದು. ‘ವೈ ಡೋಂಟ್ ಯು ಸಿಟ್ ಡೌನ್?’ ಎಂದರೆ ಬನ್ನಿ, ಕೂತುಕೊಳ್ಳಿ ಎಂಬ ಉಪಚಾರ. ಅಲ್ಲಿ ‘ಹೌ ಕಮ್’ ಇಟ್ಟರೆ ಉಪಚಾರ ಹೋಗಿ, ನೀವು ಕೂರದಿರುವುದಕ್ಕೆ ಕಾರಣವೇನು ಎಂಬ ನಿಜವಾದ ಪ್ರಶ್ನೆಯಾಗುತ್ತದೆ. ನಮ್ಮ ಹುಡುಗರಿಗೆ ಈ ಉಪಚಾರದ ‘ವೈ’ ಗೊತ್ತಿಲ್ಲದಿದ್ದರೆ, ಕೂರಿರೆಂದು ಕರೆದಾಗ ನಿಂತಿರುವುದಕ್ಕೆ ಸಮಜಾಯಿಷಿ ಕೊಡುತ್ತಾರೆ.

ಅರ್ನಾಲ್ಡ್ ಜ್ವಿಕಿ ಮತ್ತು ಆನ್ ಜ್ವಿಕಿ 1970ರ ದಶಕದ ಆರಂಭದಲ್ಲಿ ‘ಹೌ ಕಮ್’ ಮತ್ತು ‘ವಾಟ್ ಫಾರ್’ಗಳ ಮೇಲೆಯೇ ಒಂದು ಪ್ರಬಂಧ ಬರೆದರು. ಎರಡು ಪುಟ್ಟ ಮಾತುಗಳಿಗೆ ಒಂದು ಇಡೀ ಪ್ರಬಂಧ ಯಾಕೆ ಬೇಕು ಎನಿಸಬಹುದು. ಕನ್ನಡಿಗರಿಗೆ ಅದರ ಬೆಲೆ ಎಷ್ಟೆಂಬುದು ವ್ಯಾಕರಣ ನೋಡಿದಾಗ ತಿಳಿಯುತ್ತದೆ.

ನಮ್ಮ ಪದಕ್ರಮಕ್ಕೆ ಎರಡು ಆಸರೆ

ಇಂಗ್ಲಿಷಿನಲ್ಲಿ ‘ವೈ’ ಬಂದರೆ ವಾಕ್ಯದ ಮೈ ತಿರುಗಬೇಕು. ‘ಯು ಚೇಂಜ್ಡ್ ಮೈ ಶಿಫ್ಟ್’ ಎಂಬುದು ‘ವೈ ಡಿಡ್ ಯು ಚೇಂಜ್ ಮೈ ಶಿಫ್ಟ್?’ ಎಂದಾಗಬೇಕು. ಎಲ್ಲಿಂದಲೋ ‘ಡಿಡ್’ ಬರಬೇಕು, ಅದು ‘ಯು’ಗಿಂತ ಮುಂದೆ ನಿಲ್ಲಬೇಕು. ಕನ್ನಡಕ್ಕೆ ಈ ತಿರುವು ಬೇಡ. ‘ನನ್ನ ಪಾಳಿ ಬದಲಾಯಿಸಿದಿರಿ’ ಎಂಬ ವಾಕ್ಯದ ನಡುವೆ ಒಂದು ‘ಯಾಕೆ’ ಸೇರಿಸಿದರೆ ಸಾಕು, ಉಳಿದ ಪದಗಳು ಇದ್ದಲ್ಲೇ ಇರುತ್ತವೆ. ಅದಕ್ಕೇ ನಮ್ಮವರು ‘ವೈ ಯು ಚೇಂಜ್ಡ್’ ಎನ್ನುತ್ತಾರೆ. ‘ವೈ ಬಿಕಾಸ್’ ಎನ್ನುವುದೂ ಇಂಥದೇ ಕಾರಣಕ್ಕೆ. ನಮ್ಮ ‘ಯಾಕಂದ್ರೆ’ಯ ಹೊಟ್ಟೆಯಲ್ಲೇ ‘ಯಾಕೆ’ ಇದೆ. ಯಾಕೆ ಎಂದರೆ, ಎಂದು ನಾವೇ ಕೇಳಿಕೊಂಡು ನಾವೇ ಉತ್ತರಿಸುತ್ತೇವೆ. ಹಾಗೆನ್ನುವ ಹುಡುಗ ದಡ್ಡನಲ್ಲ, ಅವನ ತಾಯ್ನುಡಿ ಅವನೊಳಗೆ ಸರಿಯಾಗಿ ಕೆಲಸ ಮಾಡುತ್ತಿದೆ.

ಈಗ ‘ಹೌ ಕಮ್’ ನೋಡಿ. ‘ಹೌ ಕಮ್ ಯು ಚೇಂಜ್ಡ್ ಮೈ ಶಿಫ್ಟ್?’ ಇಲ್ಲಿ ಪದಗಳು ತಿರುಗಲಿಲ್ಲ, ‘ಡಿಡ್’ ಬರಲಿಲ್ಲ. ವಾಕ್ಯ ಶುದ್ಧ. ಹಾಗೆಯೇ ಮೇಲಿನ ಮೆಟ್ಟಿಲು ನೋಡಿ: ‘ಕುಡ್ ಯು ಟೆಲ್ ಮಿ ವೈ ಯು ಚೇಂಜ್ಡ್ ಮೈ ಶಿಫ್ಟ್?’ ತಿರುವೆಲ್ಲ ಮುಂದಿನ ‘ಕುಡ್ ಯು’ನಲ್ಲೇ ಮುಗಿದುಹೋಗಿದೆ, ಒಳಗಿನ ಪ್ರಶ್ನೆ ನೇರವಾಗಿ ನಿಂತಿದೆ. ನನ್ನ ವಿದ್ಯಾರ್ಥಿನಿ ಬರೆದ ‘ವೈ ಯು ಚೇಂಜ್ಡ್ ಮೈ ಶಿಫ್ಟ್’ ಅಕ್ಷರಶಃ ಅಲ್ಲಿ ಕುಳಿತಿದೆ, ಮತ್ತು ಸರಿಯಾಗಿ ಕುಳಿತಿದೆ.

ಇದನ್ನು ನಾನು ಕಂಡುಕೊಂಡ ದಿನ ನನಗೆ ಸಂತೋಷವೂ ಆಯಿತು, ದುಃಖವೂ ಆಯಿತು. ನಮ್ಮ ಮಕ್ಕಳಿಗೆ ಸಹಜವಾಗಿ ಬರುವ ಪದಕ್ರಮ ಇಂಗ್ಲಿಷಿನ ಅತಿ ಸಲುಗೆಯ ರೂಪದಲ್ಲಿ ಸರಿ, ಅತಿ ವಿನಯದ ರೂಪದಲ್ಲೂ ಸರಿ. ತಪ್ಪಾಗುವುದು ಹೆಚ್ಚಾಗಿ ನಡುವಿನ ಬರಿಯ ‘ವೈ’ನಲ್ಲಿ. ನಾವು ಶಾಲೆಯಲ್ಲಿ ಮೊದಲು ಕಲಿಸುವುದು, ಹೆಚ್ಚು ಕಲಿಸುವುದು, ಕೆಂಪು ಶಾಯಿಯಲ್ಲಿ ಮತ್ತೆ ಮತ್ತೆ ತಿದ್ದುವುದು ಆ ನಡುವಿನದನ್ನೇ. ತಿದ್ದಿಸಿಕೊಂಡು ತಿದ್ದಿಸಿಕೊಂಡು ಮಗು ‘ವೈ’ ಕೇಳುವುದನ್ನೇ ಬಿಡುತ್ತದೆ. ಕೊನೆಗೆ ಆ ತಿರುವು ರೂಢಿಯಾದ ಮೇಲೆ, ಬೇಡದ ಕಡೆಯೂ ತಿರುಗಿಸಿ ‘ಕುಡ್ ಯು ಟೆಲ್ ಮಿ ವೈ ಡಿಡ್ ಯು ಚೇಂಜ್’ ಎಂದು ಬರೆಯುತ್ತದೆ. ಸರಿಯಿದ್ದದ್ದನ್ನು ಕೆಡಿಸಿದವರು ನಾವು.

ಮೇಲಿನ ಮೆಟ್ಟಿಲುಗಳ ಮರ್ಮ

ಮೇಲೆ ಹೋದಂತೆ ಇಂಗ್ಲಿಷ್ ಮೂರು ಕೆಲಸ ಮಾಡುತ್ತದೆ. ಮೊದಲನೆಯದು, ನೇರ ಪ್ರಶ್ನೆಗೆ ಒಂದು ಹೊರಚೌಕಟ್ಟು ಹಾಕುವುದು. ಈಗಷ್ಟೇ ನೋಡಿದ ‘ಕುಡ್ ಯು ಟೆಲ್ ಮಿ’ ಅಂಥದ್ದು.

ಎರಡನೆಯದು, ಕಾಲವನ್ನು ಹಿಂದಕ್ಕೆ ಸರಿಸುವುದು. ‘ಐ ವಾಸ್ ವಂಡರಿಂಗ್ ವೈ’ ಎಂದರೆ ಅಕ್ಷರಾರ್ಥದಲ್ಲಿ ಯೋಚಿಸುತ್ತಿದ್ದೆ ಎಂದು. ಕೇಳುತ್ತಿರುವುದು ಈಗ, ಹೇಳುತ್ತಿರುವುದು ಭೂತಕಾಲದಲ್ಲಿ. ಇದು ವಿಚಿತ್ರವೆಂದು ನನ್ನ ವಿದ್ಯಾರ್ಥಿಗಳು ಹೇಳುತ್ತಿದ್ದರು. ಆಗ ನಾನು ಕೇಳುತ್ತಿದ್ದೆ: ಮನೆ ಮಾಲೀಕರ ಬಳಿ ಹೋದಾಗ ನಿಮ್ಮ ಅಪ್ಪ ಏನೆನ್ನುತ್ತಾರೆ? “ಒಂದು ಮಾತು ಕೇಳಬೇಕಿತ್ತು.” ಕೇಳಬೇಕಿತ್ತು! ಅದೂ ಭೂತಕಾಲವೇ. ದಾಕ್ಷಿಣ್ಯ ಎರಡೂ ಭಾಷೆಗಳಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ.

ಮೂರನೆಯದು, ಮಾಡಿದವರನ್ನು ವಾಕ್ಯದಿಂದ ಹೊರಗಿಡುವುದು. ನೀವು ಯಾಕೆ ಅರ್ಜಿ ತಿರಸ್ಕರಿಸಿದಿರಿ ಎನ್ನುವ ಬದಲು ಅರ್ಜಿ ಯಾಕೆ ತಿರಸ್ಕೃತವಾಯಿತು ಎಂದು ಕೇಳುವುದು. ಎದುರಿನವರ ಮುಖ ಉಳಿಯುತ್ತದೆ.

ಮುಖ ಎಂಬ ಪದವನ್ನು ಬೇಕೆಂದೇ ಬಳಸಿದೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಪ್ರಕಟಿಸಿ, 1987ರಲ್ಲಿ ಪುಸ್ತಕವಾಗಿ ತಂದ ವಿನಯದ ಸಿದ್ಧಾಂತ ‘ಫೇಸ್’ ಎಂಬ ಕಲ್ಪನೆಯ ಮೇಲೆಯೇ ನಿಂತಿದೆ. ಅವರು ಇಂಗ್ಲಿಷ್, ಮೆಕ್ಸಿಕೋದ ಟ್ಸೆಲ್ಟಾಲ್ ಮತ್ತು ನಮ್ಮ ನೆರೆಯ ತಮಿಳು, ಈ ಮೂರು ಭಾಷೆಗಳ ಮಾತನ್ನು ಆಧಾರವಾಗಿಟ್ಟುಕೊಂಡರು. ‘ಮುಖಭಂಗ’ ಎಂಬ ಪದವಿರುವ ನಮಗೆ ಅವರ ಸಿದ್ಧಾಂತ ದೂರದ್ದಲ್ಲ. ಕಾರಣ ಕೇಳುವುದು ಸದಾ ಮುಖಕ್ಕೆ ಸಂಬಂಧಿಸಿದ ವ್ಯವಹಾರ. ನಿನ್ನ ನಡತೆಗೆ ಲೆಕ್ಕ ಕೊಡು ಎಂಬ ಬೇಡಿಕೆ ಅದರಲ್ಲಿ ಅಡಗಿರುತ್ತದೆ.

ಅದರಿಂದಲೇ ಎರಡೂ ಭಾಷೆಗಳು ‘ಯಾಕೆ’ಯನ್ನು ಬದಿಗಿಟ್ಟು ‘ಏನು’ ಎಂಬುದನ್ನು ಮುಂದೆ ಕಳಿಸುತ್ತವೆ. ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ನಾವು ಕೇಳುವುದಿಲ್ಲ, “ಏನು ವಿಶೇಷ? ಏನು ಬಂದಿದ್ದು?” ಎನ್ನುತ್ತೇವೆ. ಇಂಗ್ಲಿಷಿನವರೂ ‘ವೈ ಆರ್ ಯು ಹಿಯರ್’ ಎನ್ನದೆ ‘ವಾಟ್ ಬ್ರಿಂಗ್ಸ್ ಯು ಹಿಯರ್’ ಎನ್ನುತ್ತಾರೆ. ಅಮೆರಿಕದಲ್ಲಿ ಒತ್ತೆಯಾಳುಗಳ ಬಿಡುಗಡೆಗೆ ಸಂಧಾನ ನಡೆಸುತ್ತಿದ್ದ ಕ್ರಿಸ್ ವಾಸ್ ತಮ್ಮ 2016ರ ಪುಸ್ತಕದಲ್ಲಿ ‘ವೈ’ ಕೇಳಿದರೆ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ, ಏನು ಮತ್ತು ಹೇಗೆ ಎಂದು ಕೇಳಿ ಎನ್ನುತ್ತಾರೆ. ನಮ್ಮ ಅಜ್ಜಿಯರು ಜಗಲಿಯ ಮೇಲೆ ಇದನ್ನೇ ಮಾಡುತ್ತಿದ್ದರು.

ಔಪಚಾರಿಕವೆಂದರೆ ಮೃದುವಲ್ಲ

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಮೆಟ್ಟಿಲು ಮೇಲೇರಿದಷ್ಟೂ ಮಾತು ಮೃದುವಾಗುತ್ತದೆ ಎಂದು ತಿಳಿದರೆ ತಪ್ಪಾಗುತ್ತದೆ. ಅಂತರ ಒಂದು ಅಳತೆ, ಆರೋಪ ಇನ್ನೊಂದು ಅಳತೆ. ಗೆಳೆಯ ಗೆಳೆಯನಿಗೆ ‘ಮೇ ಐ ಆಸ್ಕ್ ವೈ?’ ಎಂದರೆ ಅಲ್ಲಿ ಹಿಮ ಬಿದ್ದಿದೆ ಎಂದರ್ಥ. ಗಂಡನ ಜೊತೆ ಮುನಿದ ಹೆಂಡತಿ ‘ನೀವು’ ಎಂದು ಬಹುವಚನ ಹಿಡಿದ ಹಾಗೆ.

ಕಾರಣ ಕೇಳುವ ಅತ್ಯಂತ ಔಪಚಾರಿಕ ಇಂಗ್ಲಿಷ್ ಯಾವುದೆಂದು ಕೇಳಿದರೆ ಈ ಸಭೆಯಲ್ಲಿರುವ ನೌಕರರೆಲ್ಲ ಒಂದೇ ಉತ್ತರ ಹೇಳಬಲ್ಲರು: ಶೋಕಾಸ್ ನೋಟಿಸು. ನಿಮ್ಮ ವಿರುದ್ಧ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಕಾರಣ ತೋರಿಸಿ. ಇಂಗ್ಲಿಷ್ ನ್ಯಾಯಪದ್ಧತಿಯಿಂದ ಬಂದ ಈ ಸೂತ್ರದಲ್ಲಿ ಒರಟು ಪದ ಒಂದೂ ಇಲ್ಲ. ಆದರೂ ಅದು ಮೇಜಿನ ಮೇಲೆ ಬಿದ್ದ ದಿನ ಊಟ ಸೇರುವುದಿಲ್ಲ. ಹಾಗೆಂದು ಅದು ಬರಿಯ ಬೆದರಿಕೆಯೂ ಅಲ್ಲ. ಶಿಕ್ಷೆಗೆ ಮೊದಲು ನಿನ್ನ ಮಾತು ಕೇಳುತ್ತೇವೆ ಎಂಬ ನ್ಯಾಯವೂ ಅದರಲ್ಲಿದೆ.

ಸಂಸತ್ತಿನ ಪ್ರಶ್ನೆಗಳೂ ಹೀಗೆಯೇ. ಲೋಕಸಭೆಯಲ್ಲಿ ಸಚಿವರು ‘ದಯಮಾಡಿ ತಿಳಿಸುವರೇ’ ಎಂದು ಆರಂಭವಾಗುವ ಪ್ರಶ್ನೆ, ಕೊನೆಗೆ ‘ದ ರೀಸನ್ಸ್ ದೇರ್‌ಫಾರ್’ ಎಂಬಲ್ಲಿ ಮುಟ್ಟುತ್ತದೆ. ಇಡೀ ವಾಕ್ಯದಲ್ಲಿ ‘ವೈ’ ಇಲ್ಲ. ಆದರೂ ಉತ್ತರಿಸದೆ ಗತಿಯಿಲ್ಲ. ಅಲ್ಲಿ ಔಪಚಾರಿಕತೆ ಬಲಹೀನರ ಕೈಗೆ ಬಲ ಕೊಡುವ ಉಪಕರಣ.

ಚಾರ್ಲ್ಸ್ ಟಿಲ್ಲಿ ಎಂಬ ಸಮಾಜವಿಜ್ಞಾನಿ 2006ರಲ್ಲಿ ‘ವೈ?’ ಎಂಬ ಹೆಸರಿನದೇ ಪುಸ್ತಕ ಬರೆದು, ನಾವು ಕೊಡುವ ಕಾರಣಗಳು ಕೇಳಿದವರೊಂದಿಗಿನ ಸಂಬಂಧವನ್ನು ಗಟ್ಟಿಗೊಳಿಸುತ್ತವೆ ಅಥವಾ ಬದಲಿಸುತ್ತವೆ ಎಂದು ತೋರಿಸಿದರು. ಕೊಡುವುದಕ್ಕೆ ಸಲ್ಲುವ ಆ ಮಾತು ಕೇಳುವುದಕ್ಕೂ ಸಲ್ಲುತ್ತದೆ ಎಂಬುದು ನನ್ನ ನಂಬಿಕೆ. ನನ್ನ ವಿದ್ಯಾರ್ಥಿನಿಗೆ ಬೇಕಾಗಿದ್ದದ್ದು ಪಾಳಿ ಬದಲಾದ ಕಾರಣ ಮಾತ್ರವಲ್ಲ. ಕಾರಣ ತಿಳಿಯಲು ಅರ್ಹಳಾದವಳು ಎಂದು ತನ್ನನ್ನು ಕಾಣಬೇಕೆಂಬುದೂ ಅವಳಿಗೆ ಬೇಕಾಗಿತ್ತು.

ಕೇಳುವ ಹಕ್ಕು

2005ರ ಮಾಹಿತಿ ಹಕ್ಕು ಕಾಯ್ದೆಯ ಎರಡು ಮಾತುಗಳು ನನಗೆ ಬಹಳ ಪ್ರಿಯ. ಅದರ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ನಿರ್ಧಾರಗಳಿಗೆ ಕಾರಣವನ್ನು ಬಾಧಿತರಿಗೆ ಕೊಡಬೇಕು. 6ನೇ ಸೆಕ್ಷನ್ ಪ್ರಕಾರ ಮಾಹಿತಿ ಕೇಳುವವನು ತಾನು ಯಾಕೆ ಕೇಳುತ್ತಿದ್ದೇನೆಂದು ಹೇಳಬೇಕಾಗಿಲ್ಲ. ‘ಯಾಕೆ’ಯ ಭಾರವನ್ನು ಆಳುವವರ ಹೆಗಲಿಗೆ ಹಾಕಿ, ಕೇಳುವವರ ಹೆಗಲಿನಿಂದ ಇಳಿಸಿದ ಕಾನೂನು ಇದು. ಆದರೆ ಕಾನೂನು ಕೊಟ್ಟ ಹಕ್ಕನ್ನು ಭಾಷೆಯ ಅಂಜಿಕೆ ಕಸಿದುಕೊಳ್ಳಬಾರದು. ಬ್ಯಾಂಕಿನ ಇಂಗ್ಲಿಷ್ ಪತ್ರ ಹಿಡಿದು ಸುಮ್ಮನೆ ಮನೆಗೆ ಮರಳಿದವರನ್ನು ನಾನು ಕಂಡಿದ್ದೇನೆ. ವೀಸಾ ಯಾಕೆ ಸಿಗಲಿಲ್ಲವೆಂದು ಕೇಳುವ ಸಾಲು ಹೇಗೆ ಬರೆಯುವುದೆಂದು ತಿಳಿಯದೆ ಬಿಟ್ಟುಬಿಟ್ಟವರನ್ನೂ ಕಂಡಿದ್ದೇನೆ. ಅವರಿಗೆ ಕಾರಣ ಕೇಳುವ ಧೈರ್ಯವಿತ್ತು. ಮೆಟ್ಟಿಲು ಇರಲಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ‘ವೈ’ಯನ್ನು ಒಂಟಿ ಪದವಾಗಿ ಕಲಿಸಬೇಡಿ. ಗೆಳೆಯನಿಗೆ ಒಂದು, ಗುರುವಿಗೆ ಒಂದು, ಕಚೇರಿಗೆ ಒಂದು ಎಂದು ಮೂರು ವಾಕ್ಯ ಒಟ್ಟಿಗೆ ಕಲಿಸಿ. ಕನ್ನಡದ ‘ಯಾಕೋ’, ‘ಯಾಕ್ರೀ’, ‘ಯಾವ ಕಾರಣಕ್ಕಾಗಿ’ಗಳ ಪಕ್ಕದಲ್ಲಿಟ್ಟು ಕಲಿಸಿ. ಮಗುವಿಗೆ ತನ್ನ ಮನೆಯಲ್ಲೇ ಆ ಮೆಟ್ಟಿಲುಗಳಿವೆ ಎಂದು ತಿಳಿಯಲಿ.

ಆ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಕೂಡಿ ಎರಡನೆಯ ಮೇಲ್ ಬರೆದೆವು: ‘ಐ ವಾಸ್ ವಂಡರಿಂಗ್ ವೈ ಮೈ ಶಿಫ್ಟ್ ಹ್ಯಾಡ್ ಬೀನ್ ಚೇಂಜ್ಡ್.’ ಮರುದಿನ ಕಾರಣ ಬಂತು, ಜೊತೆಗೆ ಮೊದಲೇ ತಿಳಿಸಬೇಕಿತ್ತು ಎಂಬ ಒಂದು ಮಾತೂ ಬಂತು. ಅವಳು ನನ್ನನ್ನು ಕೇಳಿದಳು: “ಮೇಡಂ, ಇದರಲ್ಲಿ ವೈ ಮೈ ಶಿಫ್ಟ್ ಅಂತಲೇ ಇದೆಯಲ್ಲ, ನಾನು ಯೋಚಿಸೋ ಹಾಗೇ ಇದೆ. ಮತ್ತೆ ಶಾಲೆಯಲ್ಲಿ ಯಾಕೆ ಅದನ್ನ ತಪ್ಪು ಅಂತಿದ್ರಿ?”

ಅವಳ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಉಪನ್ಯಾಸ ಹುಟ್ಟಿತು. ಹಿಂದಿನ ಸಾಲಿನ ಮಕ್ಕಳೇ, ಈಗ ನಿಮ್ಮ ಸರದಿ. ಯಾವ ಮೆಟ್ಟಿಲಿನಿಂದ ಬೇಕಾದರೂ ಕೇಳಿ, ಯಾವ ಭಾಷೆಯಲ್ಲಿ ಬೇಕಾದರೂ ಕೇಳಿ.